ರಕ್ಷಣೆ ಎಂದರೆ ಸಮರ್ಥನೆಯಲ್ಲ

ವಿವಾಹವಿಲ್ಲದೆ ಒಂದೇ ಮನೆಯಲ್ಲಿ ಬಾಳುವ ಸ್ತ್ರೀಪುರುಷರಿಗೆ ಕಾನೂನಿನ ಆಶ್ರಯ ಕೂಡದು, ಕೊಟ್ಟರೆ ದುರಾಚಾರಕ್ಕೆ ರಾಜಮುದ್ರೆ ಒತ್ತಿದಂತಾಗುವುದು ಎಂದು ನಮ್ಮ ಸಭೆಗಳಲ್ಲಿ ಕೆಲವರು ವಾದಿಸುತ್ತಾರೆ. ವಿವಾಹವೇ ಗೃಹಸ್ಥಧರ್ಮದ ತಳಹದಿಯೆಂಬುದರಲ್ಲಿ ಈ ಲೇಖಕನಿಗೂ ಸಂಶಯವಿಲ್ಲ. ಆದರೆ ಆ ನಂಬಿಕೆಯಿಂದ ಈ ತೀರ್ಮಾನ ಹೊರಡುವುದಿಲ್ಲ.

ಮೊದಲು ಕಾನೂನು ಹೇಳುವುದೇನೆಂಬುದನ್ನು ನೋಡೋಣ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಅಧಿನಿಯಮವು ‘ವಿವಾಹದ ಸ್ವರೂಪದ ಸಂಬಂಧ’ದಲ್ಲಿರುವ ಸ್ತ್ರೀಗೂ ರಕ್ಷಣೆಯಿತ್ತಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಎಲ್ಲೆ ಹಾಕಿತು: ಇಬ್ಬರೂ ವಿವಾಹಯೋಗ್ಯ ವಯಸ್ಸಿನವರೂ ಅವಿವಾಹಿತರೂ ಆಗಿರಬೇಕು, ಸಮಾಜದೆದುರು ಪತಿಪತ್ನಿಯರಂತೆ ನಡೆದುಕೊಂಡು, ಗಣನೀಯ ಕಾಲ ಸ್ವಇಚ್ಛೆಯಿಂದ ಒಂದೇ ಮನೆಯಲ್ಲಿ ಬಾಳಿರಬೇಕು. ವಾರಾಂತ್ಯದ ಸಹವಾಸಕ್ಕೆ ಇದು ಅನ್ವಯಿಸದೆಂದೂ ಹೇಳಿತು. ಹೀಗಿರಲು, ಸ್ವೇಚ್ಛಾಚಾರಕ್ಕೆ ಹೆಬ್ಬಾಗಿಲು ತೆರೆಯಿತೆಂಬ ಕೂಗಿಗೆ ಆಧಾರವೆಲ್ಲಿ?

ನಿಜವಾಗಿ ಬಾಗಿಲು ಬಹಳ ಕಿರಿದು. ಬೆಂಗಳೂರಿನ ಒಂದು ಪ್ರಕರಣದಲ್ಲಿ, ವಿವಾಹಿತ ಪುರುಷನೊಡನೆ ಬಹುವರ್ಷ ಬಾಳಿದ ಅವಿವಾಹಿತೆಗೆ ಮ್ಯಾಜಿಸ್ಟ್ರೇಟರು ಮಾಸಿಕ 18,000 ರೂಪಾಯಿ ಜೀವನಾಂಶ ಕೊಡಿಸಿದ್ದರು. ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ರದ್ದತಿಯನ್ನೇ ಎತ್ತಿಹಿಡಿಯಿತು. ಆತ ವಿವಾಹಿತನೆಂಬುದು ಆಕೆಗೆ ತಿಳಿದಿತ್ತೆಂಬುದು ಕಾರಣ. ಧರ್ಮಪತ್ನಿಯ ಹಾಗೂ ಮಕ್ಕಳ ಹಕ್ಕನ್ನು ಕಾಯಬೇಕಾದುದು ನ್ಯಾಯವೇ. ಆದರೆ ತಪ್ಪು ಇಬ್ಬರದಾಗಿ, ಅದರ ಫಲವನ್ನು ಒಬ್ಬಳೇ ಉಣ್ಣುವುದು ಯಾವ ನೀತಿ? ಇಂಥ ಸಂಬಂಧಗಳಲ್ಲಿ ನೊಂದವರಿಗಾಗಿ ಸಂಸತ್ತು ತಕ್ಕ ಶಾಸನ ರಚಿಸಲೆಂದು ಆ ತೀರ್ಪೇ ಸೂಚಿಸಿತ್ತು.

ವರ್ತಕ ಬಂಧುಗಳಿಗೆ ಪರಿಚಿತವಾದ ಉದಾಹರಣೆಯೊಂದಿದೆ. 1932ರ ಪಾಲುದಾರಿಕೆ ಅಧಿನಿಯಮದಲ್ಲಿ ನೋಂದಣಿ ಕಡ್ಡಾಯವಲ್ಲ. ನೋಂದಣಿಯಾಗದ ಸಂಸ್ಥೆಯ ಪಾಲುದಾರನಿಗೆ ದಾವೆಯ ಹಕ್ಕು ಮೊಟಕಾಗುತ್ತದೆ, ನಿಜ. ಆದರೂ ಸಂಸ್ಥೆ ವಿಸರ್ಜನೆಯಾದಾಗ ಲೆಕ್ಕ ಕೇಳುವ ಹಕ್ಕನ್ನು 69ನೆಯ ಪ್ರಕರಣವು ಉಳಿಸಿದೆ. ಪತ್ರವಿಲ್ಲವೆಂದು ಕೊಟ್ಟ ಬಂಡವಾಳ ಸುಳ್ಳಾಗದು. ಅಂಗಡಿಯ ಪಾಲುದಾರನಿಗೆ ಸಲ್ಲುವ ಈ ನ್ಯಾಯವು, ಯೌವನವನ್ನೂ ದುಡಿಮೆಯನ್ನೂ ಒಂದು ಮನೆಗೆ ಸುರಿದ ಹೆಣ್ಣಿಗೆ ಸಲ್ಲಬಾರದೇ?

ರಕ್ಷಣೆಯ ಹೆಸರಿನಲ್ಲಿ ಪಹರೆ ಕೂರಿಸುವುದೂ ಸರಿಯಲ್ಲ. 2024ರಲ್ಲಿ ಅಂಗೀಕೃತವಾದ ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆಯು ಪರಿತ್ಯಕ್ತೆಗೆ ಜೀವನಾಂಶದ ಹಕ್ಕನ್ನೂ ಮಗುವಿಗೆ ಔರಸತ್ವವನ್ನೂ ಕೊಟ್ಟಿತು; ಇದು ಶ್ಲಾಘ್ಯ. ಆದರೆ ಒಂದು ತಿಂಗಳೊಳಗೆ ನೋಂದಾಯಿಸದಿದ್ದರೆ ಮೂರು ತಿಂಗಳವರೆಗೆ ಸೆರೆವಾಸವೆಂದೂ, ವಿವರವನ್ನು ಪೊಲೀಸ್ ಠಾಣೆಗೆ ಕಳುಹಿಸಬೇಕೆಂದೂ ಅದೇ ಶಾಸನ ವಿಧಿಸಿತು. ಸೆರೆವಾಸಕ್ಕೆ ಅಂಜುವ ಹೆಣ್ಣು ತನಗೆ ಪೆಟ್ಟು ಬಿದ್ದಾಗ ಯಾರ ಬಳಿ ದೂರುವಳು?

‘ಹಾಗಾದರೆ ನಮ್ಮ ಶೀಲದ ಗತಿಯೇನು?’ ಎಂದು ಕೇಳುವವರಿಗೆ ಉತ್ತರವಿಷ್ಟೆ. ಸ್ವದಾರಸಂತೋಷವು ಶ್ರಾವಕನು ತಾನಾಗಿ ತನ್ನ ಮೇಲೆ ಹೇರಿಕೊಳ್ಳುವ ವ್ರತ. ಪರರನ್ನು ಉಪವಾಸ ಕೆಡವಿ ಅದನ್ನು ಪಾಲಿಸಲಾಗದು. ಅಣುವ್ರತಗಳಲ್ಲಿ ಅಹಿಂಸೆಯೇ ಮೊದಲನೆಯದೆಂಬುದನ್ನು ಬಲ್ಲವರು, ಏಟು ತಿಂದವಳನ್ನು ಕಂಡು ಮೊದಲು ಮಾಂಗಲ್ಯವಿದೆಯೇ ಎಂದು ವಿಚಾರಿಸುವುದು ಶೋಭೆಯಲ್ಲ. ಮಕ್ಕಳಿಗೆ ವಿವಾಹದ ಮಹತ್ವವನ್ನು ಬೋಧಿಸುವ ಹೊಣೆ ನಮ್ಮದು. ಆ ಹೊಣೆಯನ್ನು ನಿರಾಶ್ರಿತೆಯ ಹಸಿವಿಗೆ ವಹಿಸಿಕೊಡುವ ಅಧಿಕಾರ ನಮಗಿಲ್ಲ.