ಹುಲ್ಲು ಮೊದಲು ಹಸುವಿಗೆ, ಉಳಿದರೆ ಅಣಬೆಗೆ



ಹಸು ನೋಡಲು ಕೊಟ್ಟಿಗೆಗೆ ಬಂದಾಗ ಈಚೆಗೆ ನಿಮ್ಮಲ್ಲಿ ಹಲವರು ಕೇಳುತ್ತೀರಿ: "ಡಾಕ್ಟ್ರೇ, ಮರದ ದಿಮ್ಮಿಗೆ ತೂತು ಕೊರೆದು ಅಣಬೆ ಬೆಳೀತಾರಂತೆ, ಮೊಬೈಲಲ್ಲಿ ನೋಡಿದ್ವಿ. ನಾವೂ ಮಾಡಬಹುದಾ?"

ಅಣಬೆ ಖಂಡಿತ ಬೆಳೆಯಬಹುದು. ಆದರೆ ದಿಮ್ಮಿ ನಮಗೆ ಹೊಂದುವುದಿಲ್ಲ. ದಿಮ್ಮಿಯ ಮೇಲೆ ಹೆಚ್ಚಾಗಿ ಬೆಳೆಯುವ ಶಿಟಾಕೆ ಅಣಬೆಗೆ ಗಟ್ಟಿ ಮರ, ತಂಪು ಹವೆ ಬೇಕು. ಮೊದಲ ಫಸಲಿಗೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ನಮ್ಮ ಮನೆಗೆ ಸರಿಯಾದದ್ದು ಚಿಪ್ಪು ಅಣಬೆ. ಅದು ಭತ್ತದ ಹುಲ್ಲಿನಲ್ಲೇ ಬೆಳೆದು, ಬೀಜ ಹಾಕಿದ ಮೂರು-ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತದೆ. ಬೀಜ ಮತ್ತು ತರಬೇತಿ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ.

ಆದರೆ ಆ ಹುಲ್ಲು ಯಾರದು? ಒಂದು ಹಸು ದಿನಕ್ಕೆ ಐದಾರು ಕಿಲೋ ಒಣಹುಲ್ಲು ತಿನ್ನುತ್ತದೆ. ಒಂದೊಂದು ಕಿಲೋ ಹುಲ್ಲಿನ ಹತ್ತು ಚೀಲ ಕಟ್ಟಿದರೆ ಅದರ ಎರಡು ದಿನದ ಮೇವು ಹೋಯಿತು. ಬೇಸಿಗೆಯಲ್ಲಿ ಮೇವು ಕೊಂಡು ತರುವ ಮನೆಯವರು ಅಣಬೆಗೆ ಕೈ ಹಾಕಬೇಡಿ ಎಂದೇ ನನ್ನ ಸಲಹೆ. ರಾಗಿ ಹುಲ್ಲಂತೂ ಹಸುವಿಗೇ ಇರಲಿ, ಅದು ಭತ್ತದ ಹುಲ್ಲಿಗಿಂತ ಒಳ್ಳೆಯ ಮೇವು. ಬಣವೆಯಲ್ಲಿ ವರ್ಷಕ್ಕಾಗಿ ಮಿಕ್ಕುವಷ್ಟು ಭತ್ತದ ಹುಲ್ಲಿದ್ದವರು, ಗದ್ದೆಯಲ್ಲೇ ಅದನ್ನು ಸುಡುವವರು, ಧೈರ್ಯವಾಗಿ ಮಾಡಿ.

ಪಶುವೈದ್ಯನಾಗಿ ಇನ್ನೊಂದು ಮಾತು. ಅಣಬೆ ಕೊಯ್ದು ಉಳಿದ ಹುಲ್ಲನ್ನು ಹಸುವಿನ ಮುಂದೆ ಹಾಕಬೇಡಿ, ತಿಪ್ಪೆಗೆ ಹಾಕಿ, ಒಳ್ಳೆಯ ಗೊಬ್ಬರವಾಗುತ್ತದೆ. ಅದರಲ್ಲಿ ಹಸಿರು, ಕಪ್ಪು ಬೂಸ್ಟು ಬಂದಿರಬಹುದು. ಕೆಲವು ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಮೇವಿನಿಂದ ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಆ ಹಾಲನ್ನು ಡೇರಿಗೆ ಹಾಕುವವರೂ ನೀವೇ, ಮಕ್ಕಳಿಗೆ ಕುಡಿಸುವವರೂ ನೀವೇ. ಹುಲ್ಲು ಶುದ್ಧಿ ಮಾಡಲು ಕೆಲವರು ಫಾರ್ಮಲಿನ್, ಕಾರ್ಬೆಂಡಜಿಮ್ ಬೆರೆಸಿದ ನೀರಿನಲ್ಲಿ ನೆನೆಸುತ್ತಾರೆ. ನೀವು ಬಿಸಿನೀರಲ್ಲೇ ಬೇಯಿಸಿ. ಚೀಲಗಳನ್ನು ಕೊಟ್ಟಿಗೆಯಲ್ಲೂ ಮಲಗುವ ಕೋಣೆಯಲ್ಲೂ ಕಟ್ಟಬೇಡಿ. ಬಲಿತ ಅಣಬೆಯಿಂದ ಹಾರುವ ಪುಡಿ ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಅಂಚು ಮೇಲಕ್ಕೆ ಸುರುಳುವ ಮೊದಲೇ ಕೊಯ್ಯಿರಿ.

ಕೊನೆಯದಾಗಿ, ಹಾಲಿಗೆ ಬೆಳಿಗ್ಗೆ ಸಂಜೆ ಡೇರಿ ಬಾಗಿಲು ತೆರೆದಿರುತ್ತದೆ. ಅಣಬೆಗೆ ಅಂಥ ಬಾಗಿಲಿಲ್ಲ, ಕೊಯ್ದ ಒಂದೆರಡು ದಿನದಲ್ಲೇ ಬಾಡುತ್ತದೆ. ಹಾಗಾಗಿ ಮೊದಲು ಎರಡೇ ಚೀಲ ಕಟ್ಟಿ. ಮನೆಯವರು ತಿನ್ನಲಿ, ನೆರೆಯವರಿಗೆ ರುಚಿ ತೋರಿಸಿ. ಕೊಳ್ಳುವವರು ಸಿಕ್ಕಮೇಲೆ ಹತ್ತು ಚೀಲ ಮಾಡಿ. ಅಣಬೆಯ ದುಡ್ಡು ನಿಮ್ಮ ಕೈಗೆ ಬರಲಿ, ಆದರೆ ಅದಕ್ಕಾಗಿ ಹಸುವಿನ ಹೊಟ್ಟೆ ಬಡವಾಗದಿರಲಿ.