ಮೊದಲು ಕುದುರೆ ಒಪ್ಪಬೇಕು!

ಕುದುರೆ ಪಕ್ಕ ನಿಂತ ಚೆಲುವೆಯ ಫೋಟೋಕ್ಕೆ ಸಿಳ್ಳೆ ಹೊಡೆಯುವ ಗೆಳೆಯರೇ, ಒಂದು ಫೋಟೋದ ಕಥೆ ಕೇಳ್ರಿ. ರಾಯಬಾಗ ತಾಲ್ಲೂಕಿನ ಕುಡಚಿ, ಕೃಷ್ಣಾ ತೀರ, ಮುಂಜಾನೆ. ರೂಪದರ್ಶಿಗೆ ಇಳಕಲ್ ಸೀರೆ, ಕಾಲಿಗೆ ಅಥಣಿ ಚಪ್ಪಲಿ. 2025ರಲ್ಲಿ ಮಿಲಾನ್ ಶೋನಲ್ಲಿ ಪ್ರಾಡಾ ಕಂಪನಿ ತೋರಿಸಿದ್ದೂ ಇಂಥದ್ದೇ! ಗಾಳಿಗೆ ಸೆರಗು ಪಟಪಟ ಅಂದದ್ದೇ ತಡ, ಕುದುರೆ ಬೆದರಿ ಹಿಂಗಾಲು ಝಾಡಿಸಿತು. ಹುಡುಗಿ ಗೇಣಿನಲ್ಲಿ ಬಚಾವ್! ಹಗ್ಗ ಹಿಡಿದಿದ್ದ ಹುಡುಗ, "ಸೆರಗು ಮೊದಲ ಅದಕ್ಕ ತೋರಿಸಬೇಕಿತ್ರಿ" ಅಂದ.

ಕುದುರೆಗೆ ನೇರ ಹಿಂದಿನದು ಕಾಣದು. ಹೆಗಲ ಬಳಿಯೇ ನಿಲ್ಲಬೇಕು. ಫ್ಲ್ಯಾಶ್ ಬೇಡ. ಕಿವಿ ಮುಂದಾದರೆ ಕ್ಲಿಕ್, ಹಿಂದಕ್ಕೆ ಅಂಟಿದರೆ ಪ್ಯಾಕಪ್. ಮರುದಿನ ಹಾಗೇ ಮಾಡಿದೆವು, ಚಿತ್ರ ಬಂತು. ಸಂಭಾವನೆ ಮೊದಲು ಎಣಿಸಿದ್ದು ಆ ಹುಡುಗನ ಕೈಗೆ. ಹೀರೋ ಅವನೇ ಅಲ್ಲೇನ್ರಿ?