ಕಣ್ಣು ಮುಚ್ಚಿದರೆ ಕತ್ತಲೆಯೇ?



ಈ ತಿಂಗಳು ಏನಾದರೂ ಗಂಭೀರ ವಿಷಯ ಬರೆಯೋಣವೆಂದು ಕುಳಿತಿದ್ದೆ. ಆದರೆ ನನ್ನ ಕೈಗೆ ಸಿಕ್ಕಿದ್ದು ಪೆನ್ನಿನ ಮುಚ್ಚಳ ಮಾತ್ರ. ಪೆನ್ನು ನಮ್ಮ ಪುಟ್ಟನ ಕೈಯಲ್ಲಿತ್ತು. ಅವನು ನಿದ್ದೆ ಹೋದ ಮೇಲೆ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಬರೆಯುತ್ತಿದ್ದೇನೆ. ಹೀಗಿರುವಾಗ ಅವನ ವಿಷಯವನ್ನೇ ಬರೆಯುವುದು ನ್ಯಾಯ.

ಬರುವ ದೀಪಾವಳಿಗೆ ಪುಟ್ಟನಿಗೆ ಮೂರು ತುಂಬುತ್ತದೆ. ವಯನಾಡಿನ ಕಲ್ಪೆಟ್ಟದ ಹತ್ತಿರ ನಮ್ಮ ಮನೆ. ಮುಂದೆ ಕಾಫಿ ಒಣಗಿಸುವ ಕಣ, ಹಿಂದೆ ಮೆಣಸಿನ ಬಳ್ಳಿ, ಪೇಟೆಯಲ್ಲಿ ನಮ್ಮವರ ಅಂಗಡಿ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಪುಟ್ಟ ಮಾತ್ರ ಗೇಟಿನ ಮೇಲೆಯೇ ಕುಳಿತಿದ್ದಾನೆ. ಇರುವೆಯನ್ನು ಒಮ್ಮೆ ‘ಇರುವೆ’ ಎನ್ನುತ್ತಾನೆ, ಒಮ್ಮೆ ‘ಉರುಂಬು’ ಎನ್ನುತ್ತಾನೆ. ಹೊಟ್ಟೆ ತುಂಬಿದಾಗ ಮಾತ್ರ ಯಾವಾಗಲೂ ಮಲಯಾಳವೇ: ‘ಮತಿ, ಮತಿ!’

ನಮ್ಮ ಅತ್ತೆಗೆ ಇದು ಸಂಕಟ. "ಸಾಕು ಅನ್ನು ಮಗಾ" ಎಂದು ತಿದ್ದುತ್ತಾರೆ. ಮಾವ ಪತ್ರಿಕೆಯಿಂದ ತಲೆ ಎತ್ತದೆಯೇ, "ಬಿಡು, ಮೊದಲು ಮತಿ, ಆಮೇಲೆ ಶ್ರುತ. ತತ್ತ್ವಾರ್ಥಸೂತ್ರದಲ್ಲಿ ಐದು ಜ್ಞಾನಗಳ ಕ್ರಮವೇ ಹಾಗಿದೆ" ಎನ್ನುತ್ತಾರೆ. ಕೇವಲಜ್ಞಾನಕ್ಕೆ ಇನ್ನೂ ಮೂರೇ ಮೆಟ್ಟಿಲು!

ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು ನಮ್ಮ ಮನೆಯ ಕ್ರಮ. ಜೂನ್ ತಿಂಗಳಲ್ಲಿ ಇಲ್ಲಿ ಏಳರ ಹತ್ತಿರದವರೆಗೆ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಆರು ದಾಟಿದೊಡನೆ ಮುಗಿಯಿತು. ಆದ್ದರಿಂದ ಸಂಜೆ ತಟ್ಟೆ ಹಿಡಿದು ಅವನ ಹಿಂದೆ ನನ್ನ ಓಟ. "ಬೇಗ ತಿನ್ನೋ, ಕತ್ತಲೆ ಆದ್ರೆ ಊಟ ಇಲ್ಲ" ಎಂದು ದಿನವೂ ಹೇಳುತ್ತಿದ್ದೆ. ಒಂದು ದಿನ ಮೊಸರನ್ನದ ತುತ್ತು ಬಾಯಿಯ ಹತ್ತಿರ ಬರುತ್ತಿದ್ದಂತೆ ಪುಟ್ಟ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಅಮ್ಮಾ, ಕತ್ತಲೆ ಆಯ್ತು. ಊಟ ಇಲ್ಲ" ಎಂದ. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕಲಿಸಿದ ನಿಯಮ ನನಗೇ ತಿರುಗಿತ್ತು!

ಕಳೆದ ಬೇಸಿಗೆಯಲ್ಲಿ ಸುಲ್ತಾನ್ ಬತ್ತೇರಿಯ ಕಲ್ಲುಬಸದಿಗೆ ಕರೆದುಕೊಂಡು ಹೋಗಿದ್ದೆವು. ಬತ್ತೇರಿಗೆ ಹಿಂದೆ ‘ಹನ್ನೆರಡು ಬೀದಿ’ ಎಂಬ ಹೆಸರಿತ್ತೆಂದೂ, ಜೈನರ ಹನ್ನೆರಡು ಬೀದಿಗಳಿದ್ದುದರಿಂದ ಆ ಹೆಸರೆಂದೂ ಹೇಳುತ್ತಾರೆ. ಟಿಪ್ಪುವಿನ ಕಾಲದಲ್ಲಿ ಬಸದಿಯನ್ನು ಮದ್ದುಗುಂಡು ಇಡಲು ಬಳಸಿದರಂತೆ, ಅದರಿಂದ ಈಗಿನ ಹೆಸರು. ಇಂದು ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ನಿತ್ಯಪೂಜೆಯಿಲ್ಲ. ಮಾವ ಭಾರವಾದ ದನಿಯಲ್ಲಿ "ಇಲ್ಲಿ ನಮ್ಮ ಹನ್ನೆರಡು ಬೀದಿ ಇತ್ತು ಮಗೂ" ಎಂದರು. ಪುಟ್ಟ ಎಣಿಸಿದ: "ಒಂದು, ಎರಡು, ಮೂರು, ತುಂಬಾ." ಆಮೇಲೆ ಗರ್ಭಗುಡಿಯೊಳಗೆ ಇಣುಕಿ ನೋಡಿದ. ನಮ್ಮ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ಬಸದಿಯಲ್ಲಿ ಕಾಣುವ ಹಾಗೆ ಇಲ್ಲಿ ಮೂರ್ತಿ ಕಾಣಲಿಲ್ಲ. "ದೇವರು ಎಲ್ಲಿ?" ಎಂದ. ನಾವು ಉತ್ತರ ಹುಡುಕುತ್ತಿರುವಾಗ ಅವನೇ ಹೇಳಿಬಿಟ್ಟ: "ಅಂಗಡಿಗೆ ಹೋಗಿದ್ದಾರೆ." ನಮ್ಮವರು ಆ ದಿನದಿಂದ ಭಾನುವಾರ ಮಧ್ಯಾಹ್ನ ತಪ್ಪದೆ ಮನೆಯಲ್ಲಿರುತ್ತಾರೆ.

ಇಷ್ಟು ನಗುವಿನ ವಿಷಯವಾಯಿತು. ಇನ್ನೊಂದನ್ನು ಹೇಳದಿದ್ದರೆ ತಪ್ಪಾದೀತು.

ಮಳೆಗಾಲದಲ್ಲಿ ನೆಲದ ತುಂಬ ಸಣ್ಣ ಜೀವಿಗಳು ತುಂಬಿರುತ್ತವೆಂದೇ ನಮ್ಮ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಪುಟ್ಟನಿಗೆ ಆ ನಿಯಮವಿಲ್ಲ. ಮಳೆ ಬಿಟ್ಟರೆ ತೋಟದಲ್ಲೇ ಅವನ ವಿಹಾರ. ಒಂದು ಮಧ್ಯಾಹ್ನ ಒಳಗೆ ಬಂದವನ ಕಾಲಿನಿಂದ ರಕ್ತ ಸುರಿಯುತ್ತಿತ್ತು, ಹಿಮ್ಮಡಿಯ ಮೇಲೆ ಇಂಬಳ ಊದಿಕೊಂಡು ಕುಳಿತಿತ್ತು. ನನಗೆ ಕೈಕಾಲು ಆಡಲಿಲ್ಲ. ಓಡಿಹೋಗಿ ಉಪ್ಪು ತಂದು ಸುರಿದೆ. ಇಂಬಳ ಕೆಳಗೆ ಬಿತ್ತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಬಿದ್ದದ್ದರ ಮೇಲೆ ಮತ್ತೊಂದು ಹಿಡಿ ಉಪ್ಪು ಹಾಕಿದೆ. ರಕ್ತ ಕಂಡು ಅಳದ ಮಗು ಆಗ ಅಳಲು ಶುರು ಮಾಡಿತು. "ಅಮ್ಮಾ, ಅದು ಜೀವ! ಜೀವ!"

ಇರುವೆ ತುಳಿಯಲು ಹೋದಾಗಲೆಲ್ಲ "ಜೀವ ಇದೆ ಮಗಾ" ಎಂದು ಹೇಳಿಕೊಟ್ಟವಳು ನಾನೇ.

ಅತ್ತೆಯ ಮುಂದೆ ಸಮರ್ಥಿಸಿಕೊಂಡೆ: "ಮಗುವಿನ ರಕ್ಷಣೆಗೆ ಮಾಡಿದ್ದು ಅತ್ತೆ. ವಿರೋಧಿ ಹಿಂಸೆ, ಗೃಹಸ್ಥರಿಗೆ ಅನಿವಾರ್ಯ ತಾನೆ?" ಅತ್ತೆ ಗದರಲಿಲ್ಲ. ನೆಲ ಒರೆಸುತ್ತಾ, "ಮೊದಲನೇ ಹಿಡಿ ವಿರೋಧಿ ಅಂತಲೇ ಇಟ್ಟುಕೋ ತಾಯಿ. ಎರಡನೇ ಹಿಡಿ?" ಎಂದರಷ್ಟೆ. ನಾನು ಉತ್ತರ ಕೊಡಲಿಲ್ಲ. ಬೇಕೆಂದೇ ಮಾಡುವುದು ಸಂಕಲ್ಪಿ ಹಿಂಸೆ. ಗೃಹಸ್ಥನೂ ಬಿಡಬೇಕಾದದ್ದು ಅದನ್ನೇ. ಪುಟ್ಟ ಕಣ್ಣು ಮುಚ್ಚಿ ಕತ್ತಲೆ ಎಂದಾಗ ನಕ್ಕಿದ್ದೆ. ಈಗ ನಾನು ಮಾಡಿದ್ದೂ ಅದನ್ನೇ ಅಲ್ಲವೆ?

ಮರುದಿನ ಡಾಕ್ಟರರನ್ನು ಕೇಳಿದೆ. ಇಂಬಳದ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಹೆದರಬೇಕಾಗಿಲ್ಲ ಎಂದರು. ಉಪ್ಪು ಹಾಕಿದರೆ, ಬೆಂಕಿಕಡ್ಡಿ ತಾಗಿಸಿದರೆ ಅದು ಹೀರಿದ್ದನ್ನು ಗಾಯಕ್ಕೇ ಕಕ್ಕಿ ನಂಜಾಗಬಹುದಂತೆ. ಸಣ್ಣ ತುದಿಯ ಕಡೆ ಬಾಯಿ ಇರುತ್ತದೆ, ಅಲ್ಲಿ ಚರ್ಮಕ್ಕೆ ಉಗುರು ಒತ್ತಿ ಪಕ್ಕಕ್ಕೆ ಜಾರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದರೆ ಸಾಕು. ನೋಡಿ, ಜೀವದಯೆಯೂ ವೈದ್ಯವೂ ಒಂದೇ ಮಾತು ಹೇಳಿದವು.

ವಾರ ಕಳೆದಿರಲಿಲ್ಲ, ಸಂಜೆ ತೋಟದಿಂದ ಬಂದ ನನ್ನ ಕಾಲಿಗೇ ಒಂದು ಹತ್ತಿತ್ತು. ಕಂಡವನು ಪುಟ್ಟನೇ. "ಅಜ್ಜೀ, ಅಮ್ಮನ ಕಾಲಲ್ಲಿ ಜೀವ ಊಟ ಮಾಡ್ತಿದೆ!" ಎಂದು ಕೂಗಿದ. ಹಲ್ಲು ಕಚ್ಚಿ ಉಗುರಿನಿಂದ ಬಿಡಿಸಿದೆ, ಎಲೆಯ ಮೇಲಿಟ್ಟು ಬೇಲಿಯಾಚೆ ಬಿಟ್ಟೆ. ಪುಟ್ಟ ಅದನ್ನೇ ನೋಡುತ್ತಾ ನಿಂತ. ಆಮೇಲೆ ಆಕಾಶ ನೋಡಿ ಸಮಾಧಾನದಿಂದ ಹೇಳಿದ:

"ಕತ್ತಲೆ ಆಗಿಲ್ಲ. ಅದರ ಊಟ ಆಯ್ತು."

ನಿಮ್ಮ ಮನೆಯ ಪುಟ್ಟ ಗುರುಗಳು ಏನೇನು ಪಾಠ ಮಾಡುತ್ತಿದ್ದಾರೆ? ಬಿಡುವಾದಾಗ, ಅಂದರೆ ಅವರು ಮಲಗಿದ ಮೇಲೆ, ಎರಡು ಸಾಲು ಬರೆಯಿರಿ.